ಬುಧವಾರದ ಊಟಕ್ಕೆ ಬಂದವರು

ಚನ್ನಗಿರಿಯಿಂದ ಹೊರಟಿದ್ದು

ನಾನು ಸೇವಾ ಕ್ಲಬ್ಬಿನ ಸದಸ್ಯನಾದದ್ದು ನನ್ನ ಸೇವಾಭಾವ ನೋಡಿ ಯಾರೋ ಕರೆದದ್ದರಿಂದ ಅಲ್ಲ. ಚನ್ನಗಿರಿಯಲ್ಲಿ ನನ್ನದು ಶಾಮಿಯಾನದ ಅಂಗಡಿ. ಪೆಂಡಾಲು, ಕುರ್ಚಿ, ಮೈಕ್ ಸೆಟ್ಟು, ಅಡುಗೆಯ ದೊಡ್ಡ ಪಾತ್ರೆ, ಹೀಗೆ ಮದುವೆಯಿಂದ ತಿಥಿಯವರೆಗೆ ಬೇಕಾದದ್ದೆಲ್ಲ ಬಾಡಿಗೆಗೆ ಕೊಡುತ್ತೇನೆ. ಕ್ಲಬ್ಬಿನವರಿಗೆ ಪ್ರತಿ ಕಾರ್ಯಕ್ರಮಕ್ಕೂ ಕುರ್ಚಿ ಬೇಕು, ಬಾಡಿಗೆ ಕೊಡಲು ಮನಸ್ಸಿಲ್ಲ. ಒಂದು ದಿನ ನಾಲ್ಕು ಜನ ಅಂಗಡಿಗೆ ಬಂದು ನನಗೆ ಹಾರ ಹಾಕಿ, ಅಂಗಿಗೆ ಪಿನ್ನು ಚುಚ್ಚಿ, ಇವತ್ತಿನಿಂದ ನೀವು ನಮ್ಮವರು ಎಂದರು. ಅವತ್ತಿನಿಂದ ನನ್ನ ಕುರ್ಚಿಗಳೂ ಅವರವೇ ಆದವು.

ಸಭೆ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದನ್ನು ನಾನು ಭಾಷಣ ಕೇಳಿ ಹೇಳುವುದಿಲ್ಲ. ಹಿಂದೆ ನಿಂತು ಖಾಲಿ ಕುರ್ಚಿ ನೋಡಿ ಹೇಳುತ್ತೇನೆ. ಜನ ಬರುವುದು ಅನುಮಾನ ಎನಿಸಿದರೆ ಹಿಂದಿನ ಸಾಲುಗಳನ್ನು ಸದ್ದಿಲ್ಲದೆ ಎತ್ತಿಸಿ, ಉಳಿದವನ್ನು ಅಗಲಗಲವಾಗಿ ಹಾಕಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಬಸ್ ಸ್ಟ್ಯಾಂಡಿಗೆ ಆಳು ಕಳಿಸುತ್ತೇನೆ. 'ಊಟ ಐತೆ, ಬರ್ರಿ' ಎಂದರೆ ಸಾಕು, ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬರುತ್ತಾರೆ. ಮಂತ್ರಿಗಳು ಬಂದು ತುಂಬಿದ ಸಭೆ ಎಂದು ಹೊಗಳಿ ಹೋಗುತ್ತಾರೆ. ಯಾರಿಗೂ ನಷ್ಟವಿಲ್ಲ.

ಇಂಥ ನಾನು ಸ್ಕಾಟ್ಲೆಂಡಿಗೆ ಹೋಗಿ ಬಂದೆ. ಅಲ್ಲಿ ಸಮುದ್ರದ ಅಂಚಿನ ಒಂದು ಸಣ್ಣ ಊರಿನ ಸೇವಾ ಕ್ಲಬ್ಬಿನವರು ನಮ್ಮ ಕಡೆಯ ನಾಲ್ಕು ಕ್ಲಬ್ಬುಗಳಿಗೆ ಒಟ್ಟಿಗೆ ಆಹ್ವಾನ ಕಳಿಸಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಒಬ್ಬೊಬ್ಬರು ಬನ್ನಿ, ನಮ್ಮ ಮನೆಯಲ್ಲಿದ್ದು ಬುಧವಾರ ನಡೆಯುವ ವಾರದ ಊಟದ ಸಭೆಗೆ ಅತಿಥಿಗಳಾಗಿ ಎಂದು. ನಾಲ್ಕೂ ಊರಲ್ಲಿ ಇದ್ದಕ್ಕಿದ್ದಂತೆ ಸೇವಾಭಾವ ಉಕ್ಕಿ ಹರಿಯಿತು. ನಮ್ಮಲ್ಲಿ ಹೋಗಲೇಬೇಕೆಂದು ಪಟ್ಟು ಹಿಡಿದ ಮೂವರು ಒಬ್ಬರಿಗೊಬ್ಬರು ಬಿಟ್ಟುಕೊಡದೆ ಕೊನೆಗೆ ಯಾರ ಹೊಟ್ಟೆಯೂ ಉರಿಯದಂಥ ಮನುಷ್ಯ ಯಾರು ಎಂದು ಹುಡುಕಿದರು. ಪಾಪ, ಕುರ್ಚಿ ತಿಪ್ಪೇಸ್ವಾಮಿ ಹೋಗಿ ಬರಲಿ ಎಂದು ತೀರ್ಮಾನವಾಯಿತು.

ಹೊನ್ನಾಳಿಯಿಂದ ಬಂದವರು ಪಂಚಾಕ್ಷರಪ್ಪನವರು. ಅಕ್ಕಿ ಗಿರಣಿಯ ಮಾಲೀಕರು, ಭಾಷಣವೆಂದರೆ ಪ್ರಾಣ. ನ್ಯಾಮತಿಯಿಂದ ಹಾರ್ಡ್‌ವೇರ್ ಅಂಗಡಿಯ ರಹಮತ್ ಸಾಬ್ರು, ಮಾತು ಕಡಿಮೆ, ನಗು ಜಾಸ್ತಿ. ಜಗಳೂರಿನಿಂದ ಶಿವಲೀಲಕ್ಕ, ಅಲ್ಲಿನ ಕ್ಲಬ್ಬಿನ ಅಧ್ಯಕ್ಷೆ. ಹುಟ್ಟಿದ್ದು ಸೊಕ್ಕೆ ಎಂಬ ಹಳ್ಳಿಯಲ್ಲಿ, ಜಗಳೂರಿನಲ್ಲಿ ಖಾನಾವಳಿ ನಡೆಸುತ್ತಾರೆ. ಅವರಿಗೆ ಮೈಕ್ ಬೇಕಾಗುವುದಿಲ್ಲ, ನನ್ನ ವ್ಯಾಪಾರಕ್ಕೆ ಅಂಥವರಿಂದಲೇ ಪೆಟ್ಟು. ನ್ಯಾಮತಿ ಇತ್ತೀಚಿನವರೆಗೂ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತಲ್ಲ, ಹಾಗಾಗಿ ಪಂಚಾಕ್ಷರಪ್ಪನವರು ದಾರಿಯುದ್ದಕ್ಕೂ ರಹಮತ್ ಸಾಬ್ರನ್ನು ಆಸ್ತಿ ಪಾಲು ಮಾಡಿಕೊಂಡು ಹೋದ ತಮ್ಮನ ಹಾಗೆ ನೋಡುತ್ತಿದ್ದರು.

ವಿಮಾನದಲ್ಲಿ ನಮಗೆ ಕೊಟ್ಟದ್ದು ತೀರಾ ಹಿಂದಿನ ಸಾಲು. ಅತಿಥಿಗಳನ್ನು ಹಿಂದೆ ಕೂರಿಸುವುದು ಯಾವ ನ್ಯಾಯ ಎಂದು ಪಂಚಾಕ್ಷರಪ್ಪನವರು ಎದ್ದರು. ಮುಂದೆ ಪರದೆಯ ಆಚೆ ದೊಡ್ಡ ಕುರ್ಚಿಗಳು ಖಾಲಿ ಇರುವುದನ್ನು ಅವರು ಹತ್ತುವಾಗಲೇ ನೋಡಿಟ್ಟುಕೊಂಡಿದ್ದರು. ಹೋಗಿ ಕೂತರು. ಗಗನಸಖಿ ನಗುನಗುತ್ತಲೇ ಕರೆತಂದು ಬಿಟ್ಟಳು. ಊಟವಾದ ಮೇಲೆ ಮತ್ತೆ ಹೋದರು, ಮತ್ತೆ ಕರೆತಂದಳು. ಆ ಮೇಲೆ ಅವರು ಕಣ್ಣು ಮುಚ್ಚಿ ಕೂತು, ವಾಪಸ್ ಹೋದ ಮೇಲೆ ವಿಮಾನದವರಿಗೆ ಒಂದು ಮನವಿ ಕೊಡಬೇಕು ಎಂದು ಗೊಣಗಿದರು.

ಸೋಮವಾರ, ಮಾರ್ಗರೆಟ್ ಮನೆ

ಆ ಊರಿನ ಹೆಸರು ಹೇಳುವುದಿಲ್ಲ. ನಾನು ಬರೆದಂತೆ ಅವರು ಕರೆಯುವುದಿಲ್ಲ, ಅವರು ಕರೆದಂತೆ ಬರೆಯಲು ನನಗೆ ಬರುವುದಿಲ್ಲ. ರೈಲಿಳಿದಾಗ ಜಿಟಿಜಿಟಿ ಮಳೆ. ನಮ್ಮನ್ನು ಕರೆದೊಯ್ಯಲು ಬಂದಿದ್ದವರು ಕ್ಲಬ್ಬಿನ ಅಧ್ಯಕ್ಷೆ ಮಾರ್ಗರೆಟ್. ನನ್ನ ತಾಯಿಯ ವಯಸ್ಸು, ನನ್ನ ತಾಯಿಗಿಂತ ಜೋರು ನಡಿಗೆ. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು ಹೊರಟರು. ಇಂದು ಬಹಳ ಒಳ್ಳೆಯ ಹವಾ ಎಂದು ಕೊಡೆ ಬಿಚ್ಚುತ್ತಾ ಹೇಳಿದರು. ಅಲ್ಲಿನವರು ಹವಾದ ಬಗ್ಗೆ ಹೇಳುವುದನ್ನು ಒಂದನ್ನೂ ನಂಬಬಾರದು ಎಂದು ನಾನು ಅವತ್ತೇ ಕಲಿತೆ.

ಉಳಿದ ಸದಸ್ಯರಲ್ಲಿ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರ ಮನೆಯಲ್ಲಿ ಮುಂಗೋಪಿ ನಾಯಿ. ಹೀಗಾಗಿ ನಾಲ್ವರೂ ಮಾರ್ಗರೆಟ್ ಮನೆಯಲ್ಲೇ ಉಳಿದೆವು. ಬಚ್ಚಲಿಗೆ ಹೋದರೆ ನೆಲಕ್ಕೆ ಜಮಖಾನ ಹಾಸಿದ್ದಾರೆ. ನಲ್ಲಿ ಎರಡು: ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಹಿಮ. ಎರಡನ್ನೂ ಬೆರೆಸಲು ಒಂದು ಬಕೆಟ್ಟಿಲ್ಲ, ಚೊಂಬಿಲ್ಲ. ಗಂಡಸರು ಮೂವರೂ ಎರಡು ಬೊಗಸೆಯ ನಡುವೆ ಮುಖ ಸುಟ್ಟುಕೊಂಡು ಬಂದೆವು. ಶಿವಲೀಲಕ್ಕ ಮಾತ್ರ ಅಡುಗೆಮನೆಯಿಂದ ಒಂದು ಜಗ್ಗು ಹುಡುಕಿಕೊಂಡು ಹೋಗಿ ಸುಖವಾಗಿ ಸ್ನಾನ ಮಾಡಿ ಬಂದರು. ಮರುದಿನ ಬೆಳಿಗ್ಗೆ ಹಾಲು ಅಳೆಯುವ ಜಗ್ಗಿಗಾಗಿ ಮಾರ್ಗರೆಟ್ ಕಪಾಟುಗಳನ್ನೆಲ್ಲ ತೆರೆಯುತ್ತಿದ್ದಾಗ ನಾವು ನಾಲ್ವರೂ ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದೆವು.

ಇದ್ದಲ್ಲಿ ಗವುಡ, ಹೋದಲ್ಲಿ ಕಿವುಡ ಎನ್ನುತ್ತಾರಲ್ಲ, ಅದು ನನಗೇ ಹೇಳಿದ್ದು. ನನ್ನ ಇಂಗ್ಲಿಷು ಮೈಕ್ ಟೆಸ್ಟಿಂಗ್‌ನಿಂದ ಸ್ವಲ್ಪ ಮುಂದೆ ಹೋಗಿದೆ ಅಷ್ಟೆ. ಮಾರ್ಗರೆಟ್ ಹೇಳಿದ್ದನ್ನು ಪಂಚಾಕ್ಷರಪ್ಪನವರು ಕನ್ನಡಕ್ಕೆ ತರುತ್ತಿದ್ದರು. ಅವರು ತಮ್ಮ ಕಡೆಯಿಂದ ಸೇರಿಸಿದ್ದನ್ನು ತೆಗೆದುಹಾಕಿ ಇಲ್ಲಿ ಬರೆಯುತ್ತಿದ್ದೇನೆ.

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಬುಧವಾರ ನಿಮಗೆ ಕೋಳಿ ಬೇಕೋ ಮೀನೋ ಎಂದು ಮಾರ್ಗರೆಟ್ ಕೇಳಿದರು. ಇವತ್ತೇ ಕಾರ್ಯದರ್ಶಿಗೆ ತಿಳಿಸಬೇಕಂತೆ, ಅವರು ಸಭೆ ನಡೆಯುವ ಹೋಟೆಲ್ಲಿಗೆ ತಿಳಿಸಬೇಕಂತೆ. ರಹಮತ್ ಸಾಬ್ರು ಮೀನು ಎಂದರು, ಉಳಿದ ಮೂವರೂ ಸಸ್ಯಾಹಾರ ಎಂದೆವು. ಶಿವಲೀಲಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಊಟಕ್ಕೆ ಕರೆದ ಮೇಲೆ ಎಷ್ಟು ಜನ ಬರುತ್ತಾರೆ ಎಂದು ಎರಡು ದಿನ ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಪಂಚಾಕ್ಷರಪ್ಪನವರಿಂದ ಕೇಳಿಸಿದರು. ಹೇಳಿದವರು ಮಾತ್ರ ಬರುತ್ತಾರೆ ಎಂದರು ಮಾರ್ಗರೆಟ್. ಮತ್ತೆ ಹೇಳದೆ ಬಂದವರು? ಹೇಳದೆ ಯಾರೂ ಬರುವುದಿಲ್ಲ ಎಂದು ಆಕೆ ತಟ್ಟೆ ನೋಡುತ್ತಾ ಹೇಳಿದರು.

ಪಾತ್ರೆ ತೊಳೆಯುವಾಗ ವಿಷಯ ಹೊರಬಿತ್ತು. ಒಂದು ಕಾಲಕ್ಕೆ ಬುಧವಾರದ ಊಟಕ್ಕೆ ಕೋಣೆ ಸಾಲುತ್ತಿರಲಿಲ್ಲವಂತೆ. ಈಗ ಕ್ಲಬ್ಬಿನಲ್ಲಿ ಉಳಿದಿರುವುದು ಹನ್ನೊಂದು ಜನ. ಕಾರ್ಯದರ್ಶಿ ಗಾರ್ಡನ್ ಎಂಬವರು ವಾರದ ಊಟವನ್ನು ನಿಲ್ಲಿಸಿ ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲೇ ಸಭೆ ಸೇರೋಣ ಎಂದು ನಿರ್ಣಯ ತರುತ್ತಿದ್ದಾರೆ. ಬುಧವಾರವೇ ಮತ. ಅರ್ಧಕ್ಕಿಂತ ಹೆಚ್ಚು ಸದಸ್ಯರು, ಅಂದರೆ ಆರು ಜನ, ಕೈ ಎತ್ತಿದರೆ ಊಟ ಮುಗಿಯಿತು. ಗಾರ್ಡನ್ ಸೇರಿ ಸರಿಯಾಗಿ ಆರು ಜನ ಆ ಕಡೆ ಇದ್ದಾರೆ.

'ಬುಧವಾರ ಬಿಟ್ಟರೆ ವಾರದಲ್ಲಿ ಬೇರೆ ಯಾವ ದಿನವೂ ನಾನು ಇನ್ನೊಬ್ಬರ ಜೊತೆ ಕೂತು ಉಣ್ಣುವುದಿಲ್ಲ,' ಎಂದರು ಮಾರ್ಗರೆಟ್. ಅಳುವ ದನಿಯಲ್ಲಿ ಅಲ್ಲ, ಹಾಲಿನ ರೇಟು ಹೇಳುವ ದನಿಯಲ್ಲಿ.

ಆ ಮೇಲೆ ಆಕೆಯೇ ನಕ್ಕು ಇನ್ನೊಂದು ಮಾತು ಹೇಳಿದರು. ಹೀಗೆ ಅತಿಥಿಗಳನ್ನು ಕರೆಯುವಾಗ ಒಂದು ಕ್ಲಬ್ಬನ್ನಷ್ಟೇ ಕರೆಯುವುದು ವಾಡಿಕೆ. ಒಂದನ್ನು ಕರೆದರೆ ಒಬ್ಬರೇ ಬರುತ್ತಾರೆ, ಮೇಜು ಖಾಲಿ ಕಾಣುತ್ತದೆ, ಅದಕ್ಕೇ ನಾಲ್ಕನ್ನು ಕರೆದೆ ಎಂದರು. ನಾಲ್ಕು ಊರವರ ಸೇವೆಯನ್ನು ಮೆಚ್ಚಿ ಕರೆದಿದ್ದಾರೆ ಎಂದು ಹೊನ್ನಾಳಿಯಲ್ಲಿ ಬ್ಯಾನರ್ ಕಟ್ಟಿಸಿ ಬಂದಿದ್ದ ಪಂಚಾಕ್ಷರಪ್ಪನವರ ಮುಖ ಸಪ್ಪಗಾಯಿತು. ನನಗೆ ಮಾತ್ರ ಆ ಹೆಂಗಸಿನ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ಕುರ್ಚಿ ತುಂಬಿಸಲು ಚನ್ನಗಿರಿಯಿಂದ ಜನ ಕರೆಸಿದವರು ನನ್ನ ಕಸುಬಿನವರಲ್ಲದೆ ಇನ್ಯಾರು?

ಮಂಗಳವಾರ, ಊರ ಬೀದಿ

ಬೆಳಿಗ್ಗೆ ನಾವು ನಾಲ್ವರೂ ಊರು ನೋಡಲು ಹೊರಟೆವು. ಬೀದಿಯಲ್ಲಿ ಸದ್ದೇ ಇಲ್ಲ. ಒಂದು ಹಾರನ್ನಿಲ್ಲ, ಒಬ್ಬರು ಇನ್ನೊಬ್ಬರನ್ನು ಕೂಗುವುದಿಲ್ಲ. ಚನ್ನಗಿರಿಯಲ್ಲಿ ಇಷ್ಟು ಸುಮ್ಮನಿದ್ದರೆ ಯಾರು ಹೋದರು ಎಂದು ಕೇಳುತ್ತೇವೆ. ಅಂಗಡಿಯಲ್ಲಿ ರಹಮತ್ ಸಾಬ್ರು ಒಬ್ಬ ಅಜ್ಜನ ಕಾಲು ತುಳಿದರು. ಅಜ್ಜ ತಾನೇ ಕ್ಷಮಿಸಿ ಎಂದ. ಸಾಬ್ರು ಕ್ಷಮಿಸಿ ಎಂದರು. ಅಜ್ಜ ಮತ್ತೆ ಕ್ಷಮಿಸಿ ಎಂದ. ಶಿವಲೀಲಕ್ಕ ಕೈ ಹಿಡಿದು ಎಳೆಯದಿದ್ದರೆ ಇಬ್ಬರೂ ಸಂಜೆವರೆಗೆ ಅಲ್ಲೇ ಇರುತ್ತಿದ್ದರು.

ನನ್ನ ಕಾಲು ಮಾತ್ರ ತಾನಾಗಿ ಹೋಟೆಲ್ಲಿನ ಕಡೆ ಹೋಯಿತು. ಸಭೆಯ ಜಾಗ ಮೊದಲೇ ನೋಡದೆ ನನಗೆ ನಿದ್ದೆ ಬರುವುದಿಲ್ಲ. ಮಹಡಿಯ ಮೇಲೆ ಉದ್ದನೆ ಕೋಣೆ, ಉದ್ದನೆ ಮೇಜು, ಎರಡೂ ಕಡೆ ಸಾಲಾಗಿ ಇಪ್ಪತ್ತನಾಲ್ಕು ಕುರ್ಚಿ. ಅಪ್ಪಟ ಮರದವು, ಕೂತರೆ ಏಳಲು ಮನಸ್ಸಾಗದಂಥವು. ಹನ್ನೊಂದು ಜನ ಅವರು, ನಾಲ್ಕು ಜನ ನಾವು. ಉಳಿದ ಕುರ್ಚಿಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತವೆ. ಮತ ಹಾಕುವವರ ಕಣ್ಣೆದುರು ಅಷ್ಟು ಖಾಲಿ ಕುರ್ಚಿ ಇಟ್ಟರೆ ಗಾರ್ಡನ್ ಬಾಯಿ ಬಿಡುವುದೇ ಬೇಕಿಲ್ಲ. ಹೆಚ್ಚಿನ ಕುರ್ಚಿಗಳನ್ನು ಎತ್ತಿಸಿಬಿಡಿ ಎಂದು ಅಲ್ಲಿದ್ದ ಹೆಣ್ಣುಮಗಳಿಗೆ ಪಂಚಾಕ್ಷರಪ್ಪನವರಿಂದ ಹೇಳಿಸಿದೆ. ಆಕೆ ಆಗುವುದಿಲ್ಲ, ಈ ಕೋಣೆಯ ಕುರ್ಚಿ ಈ ಕೋಣೆಯಲ್ಲೇ ಇರಬೇಕು, ಅದು ನಿಯಮ ಎಂದಳು.

ಕುರ್ಚಿ ಕಡಿಮೆ ಮಾಡಲಾಗದಿದ್ದರೆ ಜನ ಜಾಸ್ತಿ ಮಾಡಬೇಕು. ನನ್ನ ಕಸುಬಿನಲ್ಲಿ ಮೂರನೆಯ ದಾರಿ ಇಲ್ಲ.

ಕೆಳಗಿಳಿದು ಬಂದೆವು. ಮೊದಲು ಸಿಕ್ಕಿದ್ದು ಕ್ಷೌರದ ಅಂಗಡಿ. ನಾನು ಬಾಗಿಲಲ್ಲಿ ನಿಂತು ನಾಳೆ ಮಧ್ಯಾಹ್ನ ಊಟವಿದೆ, ಬನ್ನಿ ಎಂದೆ. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಆತ ಕತ್ತರಿ ನಿಲ್ಲಿಸಿ, ಯಾಕೆ ಎಂದು ಕೇಳಿದ. ಊಟಕ್ಕೆ ಕರೆದರೆ ಯಾಕೆ ಎಂದು ಕೇಳುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ಕಡೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳುತ್ತಾರೆ. ಊಟ ಚೆನ್ನಾಗಿರುತ್ತದೆ ಎಂದೆ. ಅದು ಸುಳ್ಳೆಂದು ಊರವನಾದ ಅವನಿಗೆ ಗೊತ್ತಿತ್ತು, ಆದರೂ ನಕ್ಕ.

ಗ್ರಂಥಾಲಯದ ಹೆಂಗಸು, ಬಟ್ಟೆ ಒಗೆಯುವ ಅಂಗಡಿಯವರು, ಬಸ್ಸಿಗೆ ನಿಂತಿದ್ದ ಇಬ್ಬರು ನರ್ಸುಗಳು, ಎಲ್ಲರಿಗೂ ಹೇಳಿದೆವು. ಬಸ್ ನಿಲ್ದಾಣದಲ್ಲಿ ಪಂಚಾಕ್ಷರಪ್ಪನವರು ತಮ್ಮ ಬುಧವಾರದ ಭಾಷಣದ ಮೊದಲರ್ಧವನ್ನು ಅಲ್ಲೇ ಮಾಡಿ ಮುಗಿಸಿದರು. ನರ್ಸುಗಳ ಬಸ್ಸು ತಡವಾಗಿದ್ದರಿಂದ ಪೂರ್ತಿ ಕೇಳಬೇಕಾಯಿತು. ರಹಮತ್ ಸಾಬ್ರಿಗೆ ಒಬ್ಬ ಟ್ಯಾಕ್ಸಿಯವರು ಸಿಕ್ಕರು, ಲಾಹೋರ್ ಕಡೆಯವರು. ಸಾಬ್ರ ನ್ಯಾಮತಿ ಉರ್ದು ಕೇಳಿ ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು, ಆ ಮೇಲೆ ಮನೆಗೆ ಕರೆದೊಯ್ದು ಚಹಾ ಕೊಟ್ಟರು. ಇಷ್ಟು ವರ್ಷದಿಂದ ಆ ಹೋಟೆಲ್ಲಿನ ಬಾಗಿಲಿಗೆ ಜನರನ್ನು ಇಳಿಸಿದ್ದೇನೆ, ಮಹಡಿ ಹತ್ತಿಲ್ಲ, ಯಾರೂ ಕರೆದಿಲ್ಲ ಎಂದರಂತೆ. ಅದಕ್ಕೆ ಸಾಬ್ರು ಈಗ ನ್ಯಾಮತಿಯವರು ಕರೀತಿದೀವಿ ಎಂದು ಹೇಳಿ ಬಂದರು.

ಎಲ್ಲರೂ ನಿಮ್ಮದು ಬಹಳ ಒಳ್ಳೆಯ ಮನಸ್ಸು ಎಂದರು. ಬರುತ್ತಾರೆ ಎಂದು ನಾವು ಹಿಗ್ಗಿದೆವು. ಆ ಮಾತಿಗೆ ಅವರಲ್ಲಿ ಬರುವುದಿಲ್ಲ ಎಂದು ಅರ್ಥ, ನಮ್ಮಲ್ಲಿ 'ನೋಡೋಣ' ಅಂದ ಹಾಗೆ, ಎಂದು ಆ ಮೇಲೆ ತಿಳಿಯಿತು. ತಿಳಿಯದೆ ಇದ್ದದ್ದೇ ಒಳ್ಳೆಯದಾಯಿತು. ಮಾರ್ಗರೆಟ್‌ಗೆ ಮಾತ್ರ ಏನೂ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ ಎಂಬಷ್ಟು ಬುದ್ಧಿ ನಮಗಿತ್ತು.

ಬುಧವಾರ, ಮಹಡಿಯ ಮೇಲೆ

ಹನ್ನೆರಡೂವರೆಗೆ ಸಭೆ ಎಂದರೆ ಹನ್ನೆರಡೂವರೆಗೇ ಮಾರ್ಗರೆಟ್ ಮೇಜಿನ ಮೇಲಿನ ಸಭೆಯ ಗಂಟೆ ಬಾರಿಸಿದರು. ನಮ್ಮ ಕ್ಲಬ್ಬಿನಲ್ಲಿ ಸಂಜೆ ಆರು ಎಂದು ಕಾರ್ಡಿನಲ್ಲಿ ಹಾಕಿದರೆ ಏಳಕ್ಕೆ ನನ್ನ ಆಳುಗಳು ಕುರ್ಚಿ ಇಳಿಸುತ್ತಿರುತ್ತಾರೆ. ಹನ್ನೊಂದು ಜನ ಸದಸ್ಯರು ತಮ್ಮ ತಮ್ಮ ಹಳೆಯ ಜಾಗಗಳಲ್ಲಿ ದೂರದೂರ ಕೂತಿದ್ದರು. ಪಕ್ಕದ ಕುರ್ಚಿಯವರು ತೀರಿಕೊಂಡು ಎಷ್ಟೋ ವರ್ಷವಾದರೂ ಯಾರೂ ಸರಿದು ಕೂತಿಲ್ಲ. ವೇದಿಕೆ ಇರಲಿಲ್ಲ. ಎಲ್ಲಿ ಕೂರಬೇಕೆಂದು ತಿಳಿಯದೆ ಪಂಚಾಕ್ಷರಪ್ಪನವರು ಶಾಲು ಹೊದ್ದುಕೊಂಡು ಕೋಣೆಯನ್ನು ಒಂದು ಸುತ್ತು ಬಂದರು.

ಗಾರ್ಡನ್ ಅವರನ್ನು ಅಲ್ಲೇ ಮೊದಲು ನೋಡಿದ್ದು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರಂತೆ. ಎತ್ತರದ ಬಡಕಲು ಆಳು, ಇಸ್ತ್ರಿ ಮಾಡಿದ ಮುಖ. ಕೆಟ್ಟವರೇನಲ್ಲ. ವರ್ಷಗಟ್ಟಲೆ ಪ್ರತಿ ವಾರ ಎಲ್ಲರಿಗೂ ಫೋನು ಮಾಡಿ ಕೋಳಿಯೋ ಮೀನೋ ಎಂದು ಕೇಳಿ, ಬರುತ್ತೇನೆಂದು ಬಾರದವರ ಪರವಾಗಿ ಹೋಟೆಲ್ಲಿನವರ ಕ್ಷಮೆ ಕೇಳಿ ಕೇಳಿ ಸಾಕಾಗಿ ಹೋಗಿತ್ತು ಅವರಿಗೆ. ಅಂಥ ಕಾರ್ಯದರ್ಶಿ ನಮಗೆ ಸಿಕ್ಕಿದ್ದರೆ ಮೆರವಣಿಗೆ ಮಾಡುತ್ತಿದ್ದೆವು.

ದೇವರಿಗೆ ಒಂದು ಪ್ರಾರ್ಥನೆ, ಅವರ ದೇಶದ ರಾಜನಿಗೆ ನೀರಿನ ಲೋಟ ಎತ್ತಿ ಒಂದು ಜೈಕಾರ ಆದವು. ಅಷ್ಟರಲ್ಲಿ ಬಾಗಿಲು ತೆರೆಯಿತು. ಕ್ಷೌರಿಕರು ಹೊಸ ಅಂಗಿ ಹಾಕಿಕೊಂಡು ನಿಂತಿದ್ದರು. ಅವರ ಹಿಂದೆ ಟ್ಯಾಕ್ಸಿಯವರು, ಅವರ ಹೆಂಡತಿ, ಹೆಂಡತಿಯ ತಾಯಿ. ನರ್ಸುಗಳು ಇನ್ನಿಬ್ಬರು ನರ್ಸುಗಳನ್ನು ಕರೆತಂದಿದ್ದರು. ಗ್ರಂಥಾಲಯದ ಹೆಂಗಸು ಮಧ್ಯಾಹ್ನಕ್ಕೆ ಗ್ರಂಥಾಲಯದ ಬಾಗಿಲು ಹಾಕಿಯೇ ಬಂದಿದ್ದಳು. ಕುರ್ಚಿಗಳು ಒಂದೊಂದಾಗಿ ತುಂಬುತ್ತಾ ಬಂದವು. ನನ್ನ ಎದೆಯೂ ತುಂಬಿ ಬಂತು. ಇಪ್ಪತ್ತನಾಲ್ಕೂ ಮುಗಿದ ಮೇಲೆ ಬಂದ ಬಟ್ಟೆ ಒಗೆಯುವ ಅಂಗಡಿಯವರು, ಅವರು ಕರೆತಂದವರು ಗೋಡೆಗೆ ಒರಗಿ ನಿಲ್ಲತೊಡಗಿದರು. ಆಗ ನನಗೆ ಸ್ವಲ್ಪ ಬೆವರಿತು.

ಗಾರ್ಡನ್ ಎದ್ದು ನಿಂತರು. ನಾನು ಹದಿನೈದು ಜನಕ್ಕೆ ಊಟ ಹೇಳಿದ್ದೇನೆ ಎಂದರು. ಜೋರಾಗಿ ಅಲ್ಲ, ಬಹಳ ಮರ್ಯಾದೆಯಿಂದ. ನಮ್ಮವರು ಹೀಗೆ ಮರ್ಯಾದೆಯಿಂದ ಮಾತಾಡಿದರೆ ಮುಂದೆ ಕೋರ್ಟು ಕಾದಿದೆ ಎಂದು ಅರ್ಥ. ಬಂದವರಲ್ಲಿ ಕ್ಷಮೆ ಕೇಳಿ ಕಳಿಸಿಕೊಡಬೇಕಾಗುತ್ತದೆ, ಇಂಥದ್ದಾಗಬಾರದೆಂದೇ ನನ್ನ ನಿರ್ಣಯ ಎಂದೂ ಸೇರಿಸಿದರು. ಅವರ ಕಡೆಯವರು ತಲೆಯಾಡಿಸಿದರು. ಟ್ಯಾಕ್ಸಿಯವರ ಅತ್ತೆ ಕೂತಿದ್ದ ಕುರ್ಚಿಯಿಂದ ಅರ್ಧ ಎದ್ದರು. ಮಾರ್ಗರೆಟ್ ನನ್ನ ಕಡೆ ನೋಡಿದರು. ನಾನು ಫ್ಯಾನ್ ನೋಡೋಣವೆಂದು ಮೇಲೆ ನೋಡಿದೆ. ಆ ದೇಶದಲ್ಲಿ ಫ್ಯಾನೂ ಇರುವುದಿಲ್ಲ.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಆ ಹೆಂಗಸಿಗೆ ವಾರಕ್ಕೆ ಇದ್ದದ್ದು ಒಂದೇ ಊಟ, ಅದನ್ನು ನನ್ನ ಕೈಯಾರೆ ಎಳೆದು ಬಿಸಾಡಿದೆನಲ್ಲ ಅನಿಸಿತು.

ಶಿವಲೀಲಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದರು. 'ತಿಪ್ಪೇಸಣ್ಣ, ಊಟಕ್ಕೆ ಅಂತ ಬಂದು ಕುಂತೋರನ್ನ ಎಬ್ಬಿಸಿ ಕಳಿಸಿದ್ರೆ ನಾನು ಜಗಳೂರಾಗೆ ಮುಖ ಎತ್ತಿ ತಿರುಗಾಕೆ ಆಗಲ್ಲ. ನೀವು ಕುರ್ಚಿ ನೋಡ್ರಿ, ನಾನು ಒಳಗೆ ನೋಡ್ತೀನಿ,' ಎಂದು ಅಡುಗೆಮನೆಗೆ ನುಗ್ಗಿದರು.

ಒಳಗೆ ಏನಾಯಿತೆಂದು ನಾನು ಕಂಡದ್ದು ಅರೆಬರೆ. ಒಲೆಯ ಮೇಲೆ ಆಲೂಗಡ್ಡೆಯ ಸೂಪು ಕುದಿಯುತ್ತಿತ್ತು. ಅಕ್ಕ ಅದನ್ನು ನೋಡಿದ ಕೂಡಲೇ ಸಾರು ಎಂದು ಗುರುತಿಸಿ ಒಂದು ಪಾತ್ರೆ ಬಿಸಿನೀರು ಸುರಿದುಬಿಟ್ಟರು. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡಿದ್ದ ಅಡುಗೆಯವನು ಹಾವು ಕಂಡವನಂತೆ ಕೂಗಿದ. ಅಕ್ಕ ಅವನ ಕೈಗೆ ಚಾಕು ಕೊಟ್ಟು ಆಲೂಗಡ್ಡೆಯ ಚೀಲ ತೋರಿಸಿದರು. ನೆಂಟರು ಬಂದರೆ ಸಾರಿಗೆ ನೀರು ಹಾಕಬೇಕು, ಉಪ್ಪು ಖಾರ ನೋಡಿಕೊಳ್ಳಬೇಕು, ಇದಕ್ಕೆ ಯಾವ ದೇಶವಾದರೇನು ಎಂದು ಅಚ್ಚ ಜಗಳೂರು ಕನ್ನಡದಲ್ಲಿ ಅವನಿಗೆ ಪಾಠ ಹೇಳಿದರು. ಸ್ವಲ್ಪ ಹೊತ್ತಿಗೆ ಅವನು ಆಲೂಗಡ್ಡೆ ಹೆಚ್ಚುತ್ತಿದ್ದ, ಅಕ್ಕ ಮೆಣಸಿನ ಪುಡಿಯ ಡಬ್ಬಿಯನ್ನು ತಲೆಕೆಳಗೆ ಮಾಡಿ ಅಲ್ಲಾಡಿಸುತ್ತಿದ್ದರು.

ನಾನು ಕೆಳಗೆ ಓಡಿ ಬಾಗಿಲ ಬಳಿಯ ಸೋಫಾ, ಎತ್ತರದ ಸ್ಟೂಲುಗಳು, ಪಿಯಾನೋ ಮುಂದಿನ ಮಣೆ, ಸಿಕ್ಕಿದ್ದೆಲ್ಲ ಹೊತ್ತು ತಂದೆ. ನಿಯಮ ಹೇಳಿದ್ದ ಹೆಣ್ಣುಮಗಳು ಎದುರಾದಳು. ಈ ಕೋಣೆಯಿಂದ ಕುರ್ಚಿ ಹೊರಗೆ ಹೋಗಬಾರದೆಂದು ನಿಯಮವೇ ಹೊರತು ಒಳಗೆ ಬರಬಾರದೆಂದು ಇಲ್ಲವಲ್ಲ ಎಂದು ಪಂಚಾಕ್ಷರಪ್ಪನವರು ವಾದ ಹೂಡಿದರು. ಜೀವನದಲ್ಲಿ ಒಮ್ಮೆ ಅವರ ಮಾತಿನಿಂದ ಉಪಯೋಗವಾಯಿತು. ಅವಳೇ ಎರಡು ಸ್ಟೂಲು ಹೊತ್ತು ತಂದಳು.

ಬಡಿಸಿದ್ದು

ಬಡಿಸಲು ಹೋಟೆಲ್ಲಿನ ಕಡೆಯಿಂದ ಇದ್ದದ್ದು ಆ ಹೆಣ್ಣುಮಗಳೊಬ್ಬಳೇ. ಅಷ್ಟು ಜನಕ್ಕೆ ಒಬ್ಬಳು ಎಲ್ಲಿ ಸಾಲುತ್ತಾಳೆ? ಗಾರ್ಡನ್ ಇನ್ನೂ ಎದ್ದ ಜಾಗದಲ್ಲೇ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲು ನಾನು ಸೂಪಿನ ಪಾತ್ರೆಯ ಹಿಡಿಕೆಯನ್ನು ಅವರ ಎಡಗೈಗೂ ಸೌಟನ್ನು ಬಲಗೈಗೂ ಕೊಟ್ಟೆ. ನಮ್ಮ ಕ್ಲಬ್ಬುಗಳಲ್ಲಿ ಕಾರ್ಯದರ್ಶಿ ಮುಂದೆ ನಿಂತು ಬಡಿಸದೆ ಪಂಕ್ತಿ ಶುರುವಾಗುವುದಿಲ್ಲ, ಅತಿಥಿಗಳ ಗೌರವಕ್ಕಾದರೂ ನಡೆಸಿಕೊಡಬೇಕು ಎಂದು ಪಂಚಾಕ್ಷರಪ್ಪನವರಿಂದ ಹೇಳಿಸಿದೆ.

ಗಾರ್ಡನ್ ಪಾತ್ರೆ ನೋಡಿದರು, ನನ್ನನ್ನು ನೋಡಿದರು. 'ಇದು ನಿಮ್ಮಲ್ಲಿ ನಿಯಮವೇ?' ಎಂದು ಕೇಳಿದರು.

'ನಿಯಮವೇ,' ಎಂದೆ.

ನಮ್ಮ ಕಾರ್ಯದರ್ಶಿ ಮೊದಲ ಪಂಕ್ತಿಯಲ್ಲಿ ಮೊದಲ ಎಲೆಗೆ ಕೂರುವವರು. ಆದರೆ ನಿಯಮ ಎಂದ ಮೇಲೆ ಗಾರ್ಡನ್‌ಗೆ ಬೇರೆ ದಾರಿ ಇರಲಿಲ್ಲ. ಒಂದು ಬಟ್ಟಲಿಗೆ ಒಂದು ಸೌಟು, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ, ಹಡಗಿನ ಎಂಜಿನ್ನಿಗೆ ಎಣ್ಣೆ ಬಿಡುವ ಹಾಗೆ ಬಡಿಸುತ್ತಾ ಹೊರಟರು. ಹಿಂದೆ ರಹಮತ್ ಸಾಬ್ರು ಬ್ರೆಡ್ಡಿನ ಬುಟ್ಟಿ ಹಿಡಿದು ಹೋದರು. ಅವರ ಹಿಂದೆ ನೀರಿನ ಜಗ್ಗು ಹಿಡಿದು ಪಂಚಾಕ್ಷರಪ್ಪನವರು. ಹೊನ್ನಾಳಿ ನ್ಯಾಮತಿಯ ಹಿಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಹೇಳಿದ್ದ ಹದಿನೈದು ತಟ್ಟೆ ಕೋಳಿ, ಮೀನು, ಸಸ್ಯಾಹಾರಿಗಳಾದ ನಮಗೆಂದು ಬೇಯಿಸಿದ್ದ ಬಟಾಣಿಯನ್ನು ಶಿವಲೀಲಕ್ಕ ದೊಡ್ಡ ತಟ್ಟೆಗಳಿಗೆ ಸುರಿದು ಮೇಜಿನ ನಡುವೆ ಇಟ್ಟು, ಬೇಕಾದವರು ಹಾಕಿಕೊಳ್ಳಿ ಎಂದು ಸನ್ನೆ ಮಾಡಿದರು. ಒಬ್ಬರ ತಟ್ಟೆಗೆ ಇನ್ನೊಬ್ಬರು ಹಾಕುವುದು ಅಲ್ಲಿ ರೂಢಿಯಿಲ್ಲ. ಸದಸ್ಯರು ಮೊದಲು ಮುದುಡಿ ಕೂತರು. ಟ್ಯಾಕ್ಸಿಯವರ ಅತ್ತೆ ಪಕ್ಕದ ಮುದುಕರ ತಟ್ಟೆಗೆ ಕೇಳದೆಯೇ ಒಂದು ತುಂಡು ಮೀನು ಹಾಕಿದರು. ಆ ಮುದುಕರು ಸ್ವಲ್ಪ ಹೊತ್ತು ಮೀನನ್ನೇ ನೋಡಿ, ತಿಂದರು.

ಗಾರ್ಡನ್ ತಮ್ಮ ಬಟ್ಟಲಿಗೆ ಬಡಿಸುವಾಗ ಕ್ಷೌರಿಕರು, ಇಷ್ಟು ವರ್ಷ ನಿಮ್ಮ ತಲೆ ನನ್ನ ಕೈಲಿತ್ತು, ಇವತ್ತು ನನ್ನ ಹೊಟ್ಟೆ ನಿಮ್ಮ ಕೈಲಿದೆ, ಇನ್ನೊಂದು ಸೌಟು ಹಾಕಿ ಎಂದರಂತೆ. ಗಾರ್ಡನ್ ನಕ್ಕರು. ಆ ಮುಖಕ್ಕೆ ನಗು ಬರುತ್ತದೆಂದು ಅವರ ಕಡೆಯವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು. ಹಾಕಿದರು ಇನ್ನೊಂದು ಸೌಟು, ಅಳತೆ ತಪ್ಪಿತು. ಎರಡನೆಯ ಸುತ್ತಿಗೆ ಅವರಾಗಿಯೇ ಹೊರಟರು. ಒಬ್ಬ ನರ್ಸು ಬಟ್ಟಲಿಗೆ ಅಂಗೈ ಅಡ್ಡ ಹಿಡಿದಳು. ಗಾರ್ಡನ್ ಮುಂದೆ ಹೋಗತೊಡಗಿದರು. ನಾನು ತೋಳು ಹಿಡಿದು ನಿಲ್ಲಿಸಿ, ಕೈ ಅಡ್ಡ ಹಿಡಿದರೆ ಇನ್ನೊಂದು ಸಲ ಕೇಳಬೇಕು ಎಂದು ಅರ್ಥ ಎಂದು ಹೇಳಿಸಿದೆ. ಅವರು ಇನ್ನೊಂದು ಸಲ ಕೇಳಿದರು. ಅವಳು ಕೈ ತೆಗೆದಳು. ಆ ಮನುಷ್ಯನ ಮುಖದಲ್ಲಿ ಆಗ ಕಂಡ ಹಿಗ್ಗನ್ನು ನಾನು ನಮ್ಮ ಕಡೆ ಮದುಮಗಳ ಅಪ್ಪನ ಮುಖದಲ್ಲಿ ಕಂಡಿದ್ದೇನೆ.

ಮೂರನೆಯ ಸುತ್ತಿನ ಹೊತ್ತಿಗೆ ಸೂಪು ಬರೀ ಮೆಣಸಿನ ನೀರಾಗಿತ್ತು. ಯಾರೂ ದೂರಲಿಲ್ಲ. ಮಾತು ಎಷ್ಟು ಜೋರಾಗಿತ್ತೆಂದರೆ ನನಗೆ ನಮ್ಮ ಪೆಂಡಾಲಿನಲ್ಲಿ ನಿಂತ ಹಾಗಾಯಿತು.

ಆಗ ಗಂಟೆ ಹೊಡೆಯಿತು. ಬಾರಿಸಿದ್ದು ಮಾರ್ಗರೆಟ್. ಗಂಟೆಯ ಹತ್ತಿರವೇ ನಿಂತು, ಬಂದವರ ಜೊತೆ ಮಾತಾಡುತ್ತಾ, ಇಷ್ಟು ಹೊತ್ತೂ ಅವರು ಏನೂ ತಿಂದಿರಲಿಲ್ಲ. ಸಭೆ ಮುಗಿಯುವ ವೇಳೆಯಾಗಿದೆ, ನಿರ್ಣಯವನ್ನು ಮತಕ್ಕೆ ಹಾಕಲೇಬೇಕು ಎಂದರು. ಮರೆತಂತೆ ಇದ್ದುಬಿಡಬಾರದೇ ಎಂದು ನಾನು ಒಳಗೊಳಗೇ ಹಲ್ಲು ಕಡಿದೆ. ನಮ್ಮ ಅಧ್ಯಕ್ಷರಾಗಿದ್ದರೆ ಇಂಥ ಹೊತ್ತಿನಲ್ಲಿ ವಂದನಾರ್ಪಣೆ ಮಾಡಿ ಮುಗಿಸುತ್ತಿದ್ದರು. ಆ ಹೆಂಗಸು ಹಾಗೆ ಮಾಡುವವರಲ್ಲ.

ಬುಧವಾರದ ಊಟ ನಿಲ್ಲಿಸಬೇಕು ಎನ್ನುವ ಸದಸ್ಯರು ಕೈ ಎತ್ತಿ ಎಂದರು. ಒಂದು ಕೈ ಮೇಲೆದ್ದಿತು, ಇನ್ನೊಂದು ಎದ್ದಿತು. ಒಬ್ಬರು ಬ್ರೆಡ್ಡು ಹಿಡಿದ ಕೈಯನ್ನೇ ಎತ್ತಿದರು. ನಾನು ಎಣಿಸಿದೆ, ಐದು. ಊಟ ನಿಲ್ಲಲು ಇನ್ನೊಂದು ಕೈ ಸಾಕು.

ಎಲ್ಲರೂ ಗಾರ್ಡನ್ ಕಡೆ ತಿರುಗಿದರು. ಅವರು ಮೇಜಿನ ಈ ಕಡೆಯ ಸಾಲಿನ ಕೊನೆಯಲ್ಲಿ ನಿಂತಿದ್ದರು. ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಸೌಟು. ಮಾರ್ಗರೆಟ್ ಕಾದರು. ಆ ಮೇಲೆ, ಅನ್ಯಾಯವಾಗಬಾರದೆಂದು, ತಾವೇ ಹೇಳಿದರು.

'ಗಾರ್ಡನ್, ಪಾತ್ರೆಯನ್ನು ಮೇಜಿನ ಮೇಲೆ ಇಡಬಹುದು. ಜಾಗವಿದೆ.'

ಜಾಗವಿತ್ತು. ಅವರ ಮೊಣಕೈ ಪಕ್ಕದಲ್ಲೇ ಇತ್ತು. ಗಾರ್ಡನ್ ಆ ಜಾಗವನ್ನು ನೋಡಿದರು, ಪಾತ್ರೆಯೊಳಗೆ ನೋಡಿದರು, ಸೌಟಿನಿಂದ ಒಮ್ಮೆ ಕಲಕಿದರು.

'ಈ ಸುತ್ತಿನಲ್ಲಿ ಆ ಕಡೆ ಸಾಲಿಗೆ ನಾನಿನ್ನೂ ಬಡಿಸಿಲ್ಲ,' ಎಂದು ಹೇಳಿ, ಪಾತ್ರೆ ಹಿಡಿದುಕೊಂಡೇ ಮೇಜನ್ನು ಬಳಸಿ ಹೊರಟರು. ಆ ಕಡೆ ಸಾಲಿನ ಮೊದಲ ಬಟ್ಟಲು ಮಾರ್ಗರೆಟ್ ಅವರದು.